ಹಂದಿಗಾವಲಿನವನ ‘ಬೇಡ’

ನಮ್ಮ ಟಿಲ್‌ಫೋರ್ಡ್‌ನಲ್ಲಿ ಹೊಸದಾಗಿ ಮದುವೆಯಾದ ಗಂಡಸನ್ನು ಹಂದಿಗಾವಲಿಗೆ, ಅಂದರೆ ಬೀದಿ ಅಲೆಯುವ ಹಂದಿಗಳನ್ನು ಹಿಡಿದು ದಂಡ ಹಾಕುವ ಹುದ್ದೆಗೆ, ಆರಿಸುವುದು ಹಳೆಯ ತಮಾಷೆ. ಮಾರ್ಚ್ ತಿಂಗಳ ಊರ ಸಭೆಯಲ್ಲಿ ದೊಡ್ಡ ಹುದ್ದೆಗಳನ್ನೆಲ್ಲ ಹಂಚಿ ಮುಗಿದ ಮೇಲೆ ಹಿಂದಿನ ಬೆಂಚಿನಿಂದ ಯಾರೋ ಮದುಮಗನ ಹೆಸರು ಕೂಗುತ್ತಾರೆ. ಎಲ್ಲರೂ ‘ಹೌದು’ ಅನ್ನುತ್ತಾರೆ. ಮದುಮಗ ಕೆಂಪಗಾಗಿ, ಊರಿಗೆ ಒಂದು ಸುತ್ತು ಸೇಬಿನ ಹೆಂಡ ಕುಡಿಸಿ, ಬೀದಿಯ ಹಂದಿಗಳನ್ನು ವರ್ಷವಿಡೀ ನೋಡಿಯೂ ನೋಡದವನಂತೆ ಇದ್ದು, ಮರುವರ್ಷ ಇನ್ನೊಬ್ಬ ಮದುಮಗನಿಗೆ ಆ ಹುದ್ದೆ ದಾಟಿಸುತ್ತಾನೆ. ಅದನ್ನು ನಿಜವೆಂದು ನಂಬಿದವನು ನಮ್ಮ ಊರಿನಲ್ಲಿ ಒಬ್ಬನೇ. ಅವನು ಎಲಿಫಲೆಟ್ ಸ್ಟಿಕ್ನಿ.

ಕಸುಬಿನಲ್ಲಿ ಅವನು ಪೀಪಾಯಿ ಕಟ್ಟುವವನು. ಅವನು ಕಟ್ಟಿದ ಪೀಪಾಯಿಗಳು ಸೋರುತ್ತವೆ ಎಂಬುದನ್ನು ದ್ವೇಷದಿಂದ ಹೇಳುತ್ತಿಲ್ಲ. ನಮ್ಮ ಮನೆಯಲ್ಲೇ ಎರಡು ಇವೆ. ಹಂದಿಗಾವಲಿಗೆ ಆಯ್ಕೆಯಾದ ಮರುದಿನ ಅವನು ತೊಗಟೆ ಸುಲಿದ ಉದ್ದನೆಯ ಕೋಲೊಂದನ್ನು ಹಿಡಿದು ಹೊರಬಿದ್ದ. ಕಾನೂನಿನಂತೆ ಮೂಗಿಗೆ ಕಬ್ಬಿಣದ ಬಳೆ ಇಲ್ಲದೆ ತಿರುಗುವ ಪ್ರತಿ ಹಂದಿಯನ್ನೂ ಹಿಡಿದು ದೊಡ್ಡಿಗೆ ಹಾಕಿದ. ಪಾದ್ರಿಯ ಹಂದಿಯನ್ನು ಹಾಕಿದ. ಮಾವನ ಹಂದಿಯನ್ನು ಹಾಕಿದ. ಕಡೆಗೆ ಹೆಂಡತಿ ಥ್ಯಾಂಕ್‌ಫುಲ್ ಸಾಕಿದ್ದ ಹೆಣ್ಣು ಹಂದಿಯನ್ನೂ ಮರಿಗಳ ಸಮೇತ ಅಟ್ಟಿಕೊಂಡು ಹೋದ.

ಅವಳು ಹಿಟ್ಟಿನ ಕೈಯಲ್ಲೇ ದೊಡ್ಡಿಯ ಹತ್ತಿರ ಓಡಿ ಬಂದಳು. “ರೀ, ಅದು ನಮ್ಮ ಹಂದಿ ಕಣ್ರೀ!”

“ಕಾನೂನಿನ ಮುಂದೆ ನಮ್ಮದು ನಿಮ್ಮದು ಅಂತಿಲ್ಲ, ಥ್ಯಾಂಕ್‌ಫುಲ್.”

“ಹಾಗಾದ್ರೆ ದಂಡ ಯಾರ್ ಕಟ್ತಾರೆ?”

“ಹಂದಿ ಯಜಮಾನ.”

“ಯಾರಿಗೆ ಕಟ್ತಾನೆ?”

“ಹಂದಿಗಾವಲಿನವನಿಗೆ.”

ಅವಳು ಕೈಯ ಹಿಟ್ಟು ಕೊಡವಿಕೊಂಡಳು. “ಸರಿ, ಬಲಗೈಯಿಂದ ಎಡಗೈಗೆ ಕೊಟ್ಕೊಂಡು ಬನ್ನಿ. ರಾತ್ರಿ ಊಟಾನೂ ಹಾಗೇ ಮಾಡ್ಕೊಳಿ,” ಎಂದು ತಿರುಗಿ ಹೋದಳು.

ಹೀಗೆ ಆರು ವರ್ಷ. ಈ ನಡುವೆ ಊರಿನಲ್ಲಿ ಬೇಕಾದಷ್ಟು ಮದುವೆಗಳಾದವು. ಆದರೆ ಎಲಿಫಲೆಟ್ ಹುದ್ದೆ ಬಿಟ್ಟುಕೊಡಲಿಲ್ಲ, ಮದುಮಕ್ಕಳೂ ಕೇಳಲಿಲ್ಲ. ಅವನು ಬರುವಾಗ ಹುಡುಗರು ಮೂಗು ಹಿಡಿದು ಗುಟುರು ಹಾಕುತ್ತಿದ್ದರು. ಅಂಗಡಿಯಲ್ಲಿ ದೊಡ್ಡವರೂ, “ಬಂದ್ರು ನೋಡಪ್ಪ ಹಂದಿರಾಯರು, ಮೂಗು ಜೋಪಾನ,” ಅನ್ನುತ್ತಿದ್ದರು. ಅವನಿಗೆ ಬೇಕಾಗಿದ್ದುದು ಒಂದೇ. ಊರಿನ ದೊಡ್ಡವರನ್ನು ಕರೆಯುವ ಹಾಗೆ ತನ್ನನ್ನೂ ಯಾರಾದರೂ ‘ಸ್ಟಿಕ್ನಿ ಯಜಮಾನರೇ’ ಎಂದು ಕರೆಯಬೇಕು. ಹಂದಿ ಹಿಡಿದು ಆ ಹೆಸರು ಗಳಿಸಬಹುದೆಂದು ನಂಬಿದ್ದ ಮನುಷ್ಯ ಅವನು. ಅವನ ಬುದ್ಧಿಯ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಆ ಆರನೆಯ ವರ್ಷ, ಯುದ್ಧ ಮಾಡಿ ರಾಜನನ್ನು ಓಡಿಸಿದ್ದ ನಮ್ಮ ದೇಶಕ್ಕೆಲ್ಲ ಒಂದು ಹೊಸ ಸಂವಿಧಾನ ಬರೆದು ತಂದಿದ್ದರು. ನಮ್ಮಲ್ಲಿ ಅದನ್ನು ‘ಕಾಗದ’ ಎಂದೇ ಕರೆಯುತ್ತಿದ್ದೆವು. ಪ್ರತಿ ಊರೂ ರಾಜ್ಯದ ಮಹಾಸಭೆಗೆ ಒಬ್ಬ ಪ್ರತಿನಿಧಿಯನ್ನು ಆರಿಸಿ ಕಳಿಸಬೇಕು, ಅವರೆಲ್ಲ ಸೇರಿ ‘ಹೌದು’ ಅಥವಾ ‘ಬೇಡ’ ಅನ್ನಬೇಕು. ನಮ್ಮ ಸಭೆ ಚಳಿಗಾಲದಲ್ಲಿ ಸೇರಿ ಬೇಡವೆಂದು ತೀರ್ಮಾನಿಸಿತು. ಯುದ್ಧದಲ್ಲಿ ಎರಡು ಬೆರಳು ಕಳೆದುಕೊಂಡಿದ್ದ ಕ್ಯಾಪ್ಟನ್ ಜೇಡಾಕ್ ಪ್ಯೂರಿಂಟನ್ ಎದ್ದು ನಿಂತು, “ಅಷ್ಟು ವರ್ಷ ಹೊಡೆದಾಡಿ ಒಬ್ಬ ರಾಜನ್ನ ಓಡ್ಸಿದ್ದು, ನಾಲ್ಕು ವರ್ಷಕ್ಕೊಂದ್ಸಲ ಇನ್ನೊಬ್ಬನ್ನ ತಂದು ಕೂರಿಸೋಕಾ?” ಎಂದು ಕೇಳಿದ. ಕಾಗದದ ಮೊದಲ ಮಾತು ‘ನಾವು, ಜನ’ ಎಂದಿರುವುದನ್ನು ಓದಿ ಹೇಳಿದಾಗ ಹಿಂದಿನಿಂದ ಯಾರೋ, “ಯಾವ ನಾವು? ನನ್ನನ್ನ ಯಾರೂ ಕೇಳ್ಲಿಲ್ವಲ್ಲ,” ಎಂದ. ಎಲ್ಲರೂ ನಕ್ಕರು. ಮೇಲಿನ ಗ್ಯಾಲರಿಯಲ್ಲಿ ಹೆಂಗಸರ ನಡುವೆ ಕುಳಿತಿದ್ದ ಥ್ಯಾಂಕ್‌ಫುಲ್ ಮಾತ್ರ ನಗಲಿಲ್ಲ. “ಇವನನ್ನಾದ್ರೂ ಈಗ ಕೇಳ್ತಾ ಇದಾರೆ, ಹೆಂಗಸರಿಗೆ ಅದೂ ಇಲ್ಲ,” ಎಂದು ಪಕ್ಕದವಳಿಗೆ ಹೇಳಿ ಹೆಣಿಗೆ ಮುಂದುವರಿಸಿದಳು.

ಕ್ಯಾಪ್ಟನ್ನನ್ನೇ ಪ್ರತಿನಿಧಿಯಾಗಿ ಕಳಿಸಿದರು. ಆದರೆ ಚಳಿಗಾಲದ ಮಹಾಸಭೆ ಯಾವ ತೀರ್ಮಾನವನ್ನೂ ಮಾಡದೆ ಎದ್ದುಬಿಟ್ಟಿತು. ಜೂನ್‌ನಲ್ಲಿ ಕಾಂಕರ್ಡ್ ಪಟ್ಟಣದಲ್ಲಿ ಮತ್ತೆ ಸೇರುವುದೆಂದಾಯಿತು. ಅಷ್ಟರಲ್ಲಿ ಕ್ಯಾಪ್ಟನ್ ಹುಲ್ಲಿನ ಅಟ್ಟದಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡ.

ಅವನ ಬದಲಿಗೆ ಒಬ್ಬರನ್ನು ಆರಿಸಲು ಊರು ಮತ್ತೆ ಸೇರಿತು. ದೇಶ ಹಾಳಾಗುತ್ತದೆ ಎಂದು ಚಳಿಗಾಲದಲ್ಲಿ ಮೇಜು ಗುದ್ದಿದ್ದವರೆಲ್ಲ ಅಂದು ಬೂಟಿನ ತುದಿ ನೋಡುತ್ತ ಕುಳಿತರು. ಒಬ್ಬನಿಗೆ ಕುರಿಗಳ ಉಣ್ಣೆ ಕತ್ತರಿಸುವುದಿತ್ತು. ಇನ್ನೊಬ್ಬನ ಜೋಳದ ಹೊಲದಲ್ಲಿ ಕಳೆ ಎದ್ದಿತ್ತು. ಮೂರನೆಯವನ ಹಸು ಈಗಲೋ ಆಗಲೋ ಈಯುವುದರಲ್ಲಿತ್ತು. ಅದು ಈದದ್ದು ಆಗಸ್ಟ್‌ನಲ್ಲಿ. ಕಡೆಗೆ ಹಿಂದಿನ ಬೆಂಚಿನಿಂದ, ಮದುಮಕ್ಕಳ ಹೆಸರು ಕೂಗುವ ಅದೇ ಧಾಟಿಯಲ್ಲಿ ಒಂದು ದನಿ ಬಂತು.

“ಹಂದಿಗಾವಲು ಹೋಗ್ಲಿ!”

ನಗೆ ಎದ್ದಿತು. ಸಭಾಧ್ಯಕ್ಷ ಡೀಕನ್ ಹೇಲ್ ಕೂಡ ಬಾಯಿಗೆ ಕೈ ಅಡ್ಡ ಹಿಡಿದ. ನಗುತ್ತಲೇ ಎಲ್ಲರೂ ‘ಹೌದು’ ಅಂದರು. ನನ್ನ ಅಪ್ಪನೂ ಅಂದ. ತಮಾಷೆ ಎಲ್ಲಿ ನಿಲ್ಲಬೇಕೆಂಬುದು ನಮ್ಮ ಊರಿಗೆ ತಿಳಿಯಲಿಲ್ಲ.

ನಗದಿದ್ದವರು ಇಬ್ಬರು: ಎಲಿಫಲೆಟ್ ಮತ್ತು ಕುರ್ಚಿಯಲ್ಲಿ ಹೊತ್ತು ತಂದಿದ್ದ ಕ್ಯಾಪ್ಟನ್. ಸಭೆ ಮುಗಿದ ಮೇಲೆ ಕ್ಯಾಪ್ಟನ್ ಅವನನ್ನು ಹತ್ತಿರ ಕರೆದು ಅಂಗಿಯ ಗುಂಡಿ ಹಿಡಿದುಕೊಂಡ.

“ನೋಡಯ್ಯಾ ಎಲಿ, ನೀನು ಭಾಷಣ ಮಾಡ್ಬೇಡ. ತಲೆ ಓಡಿಸ್ಬೇಡ. ನಿನ್ನ ಹೆಸರು ಕೂಗಿದಾಗ ಎದ್ದು ನಿಂತು ಒಂದೇ ಮಾತು ಹೇಳು. ‘ಬೇಡ.’ ಹೇಳು ನೋಡೋಣ.”

“ಬೇಡ, ಕ್ಯಾಪ್ಟನ್.”

“ಕ್ಯಾಪ್ಟನ್ ಬೇಡ. ಬರೀ ಬೇಡ.”

“ಬೇಡ.”

“ಹಾಂ. ಅದನ್ನ ಹೇಳಿ ಬಾ. ಆಮೇಲೆ ಈ ಊರಲ್ಲಿ ನಿನ್ನನ್ನ ಹಂದಿ ಅಂದೋನಿಗೆ ನನ್ನ ಊರುಗೋಲಿಂದ ಬೀಳುತ್ತೆ. ನಾನೇ ಮೊದಲು ‘ಯಜಮಾನ್ರೇ’ ಅಂತೀನಿ.”

ಹೊರಡುವ ತನಕ ಅವನು ದೊಡ್ಡಿಯ ಗೋಡೆಯ ಪಕ್ಕ ನಿಂತು ಅಭ್ಯಾಸ ಮಾಡಿದ. ‘ಬೇಡ.’ ಸಣ್ಣದಾಗಿ, ದೊಡ್ಡದಾಗಿ, ಟೋಪಿ ತೆಗೆದು, ಟೋಪಿ ಹಾಕಿ. ಹಂದಿಗಳು ತಲೆ ಎತ್ತಿ ನೋಡಿ ಮತ್ತೆ ಮಣ್ಣು ಮೂಸಿದವು.

ಕಾಂಕರ್ಡ್‌ನಲ್ಲಿ ನಡೆದದ್ದನ್ನು ಅವನು ಮೂರು ಸಲ ಮೂರು ಬಗೆಯಲ್ಲಿ ಹೇಳಿದ್ದಾನೆ. ಮೂರರಲ್ಲೂ ಬದಲಾಗದೆ ಉಳಿದದ್ದನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ಮಾತುಗಳು ಮುಗಿಯುತ್ತ ಬಂದಿದ್ದ ದಿನ, ಮಧ್ಯಾಹ್ನದ ಬಿಡುವಿನಲ್ಲಿ ಅವನು ಸಭಾಮಂದಿರದ ಮೆಟ್ಟಿಲ ಮೇಲೆ ಕುಳಿತು ಒಣ ರೊಟ್ಟಿ ಬಿಚ್ಚುತ್ತಿದ್ದ. ಬೆಳ್ಳಿ ಬಕಲಿನ ಬೂಟು ತೊಟ್ಟ ಒಬ್ಬರು ಬಂದು ಎದುರಿಗೆ ನಿಂತರು. ಅವರು ಥ್ರೇಲ್ ಎಂಬ ವಕೀಲರು, ಕಾಗದದ ಪರವಾಗಿದ್ದವರು.

“ಏನಿದು ಸ್ಟಿಕ್ನಿ ಯಜಮಾನರೇ! ತಾವು ಬೀದೀಲಿ ಕೂತು ರೊಟ್ಟಿ ತಿನ್ನೋದೇ? ನಮ್ಮ ಮನೆ ಇಲ್ಲೇ ಇಳಿಜಾರಲ್ಲಿದೆ, ದಯಮಾಡಿಸಿ.”

ಆರು ವರ್ಷ ಹಂದಿಗಳ ಹಿಂದೆ ಓಡಿ ಸಿಗದ ಹೆಸರು, ಒಬ್ಬ ಅಪರಿಚಿತನ ಬಾಯಿಂದ ಪುಕ್ಕಟೆಯಾಗಿ ಸಿಕ್ಕಿತು. ರೊಟ್ಟಿಯನ್ನು ಜೇಬಿಗೆ ತುರುಕಿಕೊಂಡು ಅವನು ಎದ್ದುಬಿಟ್ಟ.

ಥ್ರೇಲರ ಮನೆಯ ಉದ್ದನೆಯ ಮೇಜಿಗೆ ಆಗಲೇ ಬೇರೆ ಊರುಗಳ ಪ್ರತಿನಿಧಿಗಳು ಕುಳಿತಿದ್ದರು. ಅವರಲ್ಲಿ ಮುಕ್ಕಾಲು ಪಾಲು ಊರಿನಿಂದ ‘ಬೇಡ’ ಹೊತ್ತು ತಂದವರೇ. ಇದು ಎಲಿಫಲೆಟ್‌ಗೆ ಹೊಳೆಯಲಿಲ್ಲ. ಅವನಿಗೆ ಹೊಳೆದದ್ದು ನಡುವೆ ಇಟ್ಟಿದ್ದ, ಹೊಗೆಯಲ್ಲಿ ಒಣಗಿಸಿ ಬೇಯಿಸಿದ ದೊಡ್ಡ ಹಂದಿ ತೊಡೆ. ಥ್ರೇಲರು ತಾವೇ ಅವನ ಕುತ್ತಿಗೆಗೆ ಊಟದ ವಸ್ತ್ರ ಸಿಕ್ಕಿಸಿದರು, ಲೋಟಕ್ಕೆ ರಮ್ ಸುರಿದರು.

“ಯಜಮಾನರೇ, ತಮ್ಮ ಅನುಭವದಿಂದ ಹೇಳ್ಬೇಕು. ಹಂದಿ ಮೂಗಿಗೆ ಬಳೆ ಯಾಕೆ ಹಾಕ್ತೀರಿ?”

“ಇಲ್ಲಾಂದ್ರೆ ಊರೆಲ್ಲ ಅಗೆದು ಹಾಕ್ತಾವೆ, ಸ್ವಾಮಿ.”

“ಬೇಲಿ ಸಾಲ್ದಾ?”

“ಹಂದಿಗೆ ಬೇಲಿ ಯಾವ ಲೆಕ್ಕ!”

“ನೋಡಿ! ಅಧಿಕಾರದಲ್ಲಿರೋರೂ ಹಾಗೇ. ಒಳ್ಳೇತನದ ಬೇಲಿ ಸಾಲೋಲ್ಲ. ಈ ಕಾಗದ ಅಂದ್ರೆ ಬಳೆ, ಅಷ್ಟೇ. ಅಧ್ಯಕ್ಷನ ಮೂಗಿಗೆ ಕಾಂಗ್ರೆಸ್ಸು, ಅಂದ್ರೆ ಜನ ಆರಿಸಿದ ಸಭೆ, ಬಳೆ. ಕಾಂಗ್ರೆಸ್ಸಿನ ಮೂಗಿಗೆ ಅಧ್ಯಕ್ಷ. ಇಬ್ಬರ ಮೂಗಿಗೂ ನ್ಯಾಯಾಧೀಶರು.”

ಎಲಿಫಲೆಟ್ ಅಗಿಯುವುದನ್ನು ನಿಲ್ಲಿಸಿದ. “ಅಷ್ಟೂ ಬಳೆ ಹಾಕೋನು ಯಾರು?”

“ಇನ್ಯಾರು? ತಾವು! ಜನ!”

ಜಗತ್ತನ್ನೇ ದೊಡ್ಡಿಗೆ ಹಾಕುವ ಅಧಿಕಾರ ಸಿಕ್ಕಿದಂತೆ ಅವನು ಕುರ್ಚಿಯಲ್ಲಿ ಉಬ್ಬಿದ. ಅಷ್ಟರಲ್ಲಿ ದಿಬ್ಬದ ಮೇಲಿಂದ ಗಂಟೆಯ ಸದ್ದು ಕೇಳಿತು.

“ಸಭೆ ಶುರುವಾಯ್ತೇನೋ,” ಎಂದು ಎದ್ದ.

“ಅದು ಬರೀ ಕರೆಯೋ ಗಂಟೆ. ಇನ್ನೂ ಇಬ್ಬರ ಭಾಷಣ ಬಾಕಿ ಇದೆ. ಕೂತ್ಕೊಳಿ ಯಜಮಾನರೇ, ಸಾಸಿವೆ ಹಾಕ್ಕೊಳಿ.”

ಅವನು ಕುಳಿತ. ಸಾಸಿವೆ ಹಾಕಿಕೊಂಡ.

ಮತ್ತೊಂದು ಸಲ ಗಂಟೆ ಬಾರಿಸಿದಾಗ ಅದು ನಿಲ್ಲಲೇ ಇಲ್ಲ, ಜೊತೆಗೆ ಜನರ ಕೇಕೆಯೂ ಕೇಳಿತು. ಎಲಿಫಲೆಟ್ ಕುತ್ತಿಗೆಯ ವಸ್ತ್ರದ ಸಮೇತ ದಿಬ್ಬ ಹತ್ತಿ ಓಡಿದ. ಹೆಸರು ಕೂಗಿ ಮತ ಎಣಿಸಿ ಆಗಿತ್ತು. ಜನ ಟೋಪಿ ಎಸೆಯುತ್ತ ಎದುರಿಗೆ ಇಳಿದು ಬರುತ್ತಿದ್ದರು. ಮೆಟ್ಟಿಲ ಮೇಲೆ ಬಾಗಿಲು ಕಾಯುವವನು ಅಗುಳಿ ಹಾಕುತ್ತಿದ್ದ. ಅವನ ಎದುರು ನಿಂತು, ಟೋಪಿ ತೆಗೆದು, ಅಭ್ಯಾಸ ಮಾಡಿದ್ದ ದನಿಯಲ್ಲೇ ಎಲಿಫಲೆಟ್ ಹೇಳಿದ: “ಬೇಡ!”

“ಏನಯ್ಯ ಬೇಡ? ಬಾಗಿಲು ಹಾಕ್ಬೇಡ್ವಾ?”

ಅವನೊಬ್ಬ ಹೇಳಿದ್ದರೂ ತೀರ್ಮಾನ ಬದಲಾಗುತ್ತಿರಲಿಲ್ಲ. ಅಂತರ ಅದಕ್ಕಿಂತ ದೊಡ್ಡದಿತ್ತು. ಇದನ್ನು ನ್ಯಾಯವಾಗಿ ಹೇಳಬೇಕು. ಆದರೆ ಆ ಊಟದ ಮೇಜಿನಲ್ಲಿದ್ದವನು ಅವನೊಬ್ಬನೇ ಅಲ್ಲ ಎಂಬುದನ್ನೂ ಹೇಳಬೇಕು.

ಊರಿಗೆ ಬಂದಾಗ ಪ್ರಾರ್ಥನಾಮಂದಿರದ ಮುಂದಿನ ಹುಲ್ಲಿನ ಮೇಲೆ ಎಲ್ಲರೂ ಸೇರಿದ್ದರು. ಕಾಗದ ಗೆದ್ದ ಸುದ್ದಿ ಅವನಿಗಿಂತ ಮೊದಲೇ ತಲುಪಿತ್ತು. ಊರುಗೋಲಿನ ಮೇಲೆ ನಿಂತಿದ್ದ ಕ್ಯಾಪ್ಟನ್‌ಗೆ ಗೆದ್ದದ್ದು, ಸೋತದ್ದು ಬೇಕಿರಲಿಲ್ಲ.

“ಹೇಳಿದ್ಯೇನೋ ಎಲಿ?”

“ಹೇಳಿದೆ, ಕ್ಯಾಪ್ಟನ್.”

ಮುದುಕನ ಮುಖ ಅರಳಿತು. “ಎದ್ದು ನಿಂತು ಹೇಳಿದ್ಯಾ?”

“ನಿಂತೇ ಹೇಳಿದೆ. ಟೋಪಿ ತೆಗೆದು.”

“ಭಲೇ! ಸಭೆ ಏನಂತು?”

ಅಲ್ಲಿಗೆ ಸುಮ್ಮನಾಗಿದ್ದರೆ ಅವನು ಅಂದಿನಿಂದ ಯಜಮಾನನೇ. ಆದರೆ ಸ್ವಂತ ಹೆಂಡತಿಯ ಹಂದಿಗೂ ವಿನಾಯಿತಿ ಕೊಡದ ಮನುಷ್ಯ ಸುಳ್ಳು ಹೇಳುವುದನ್ನು ಎಲ್ಲಿ ಕಲಿಯಬೇಕು?

“ಸಭೆ... ಆಗ ಸಭೆ ಇರ್ಲಿಲ್ಲ, ಕ್ಯಾಪ್ಟನ್. ಬಾಗಿಲು ಕಾಯೋನಿದ್ದ. ಮೆಟ್ಟಿಲ ಮೇಲೆ.”

“ಮತ್ತೆ ಹೆಸರು ಕೂಗ್ದಾಗ ನೀನೆಲ್ಲಿದ್ದೆ?”

“ಊಟಕ್ಕೆ ಕೂತಿದ್ದೆ.”

“ಏನ್ ಊಟ?” ಎಂದು ಯಾರೋ ಕೂಗಿದರು.

ಅವನು ನೆಲ ನೋಡಿದ. “ಹಂದಿ.”

ಆಮೇಲೆ ಎದ್ದ ನಗೆಗೆ ದೊಡ್ಡಿಯ ಪ್ರಾಣಿಗಳೂ ಬೆಚ್ಚಿದವು. ಉಣ್ಣೆ ಕತ್ತರಿಸಿದವನು ಹೊಟ್ಟೆ ಹಿಡಿದುಕೊಂಡು ನಕ್ಕ. ಕಳೆ ಕಿತ್ತವನು ಕಣ್ಣು ಒರೆಸಿಕೊಂಡ. ಮನೆಯಲ್ಲೇ ಕುಳಿತು ದೇಶ ಉಳಿಸಿದ ಗಂಡಸರೆಲ್ಲ ಅಂದು ಹೊಟ್ಟೆ ತುಂಬ ನಕ್ಕರು. ಎಲಿಫಲೆಟ್ ಮಾತ್ರ, ವಕೀಲರು ‘ಯಜಮಾನರೇ’ ಅಂದದ್ದು, ಬಳೆ, ಕಾಂಗ್ರೆಸ್ಸು, ನ್ಯಾಯಾಧೀಶರು ಎಂದು ಆ ಗದ್ದಲದಲ್ಲೇ ವಿವರಿಸಲು ನೋಡಿದ. “ಬಳೆ ಹಾಕೋರು ನಾವೇ ಅಂತೆ, ಕ್ಯಾಪ್ಟನ್! ಜನ!”

ಕ್ಯಾಪ್ಟನ್ ಊರುಗೋಲು ತಿರುಗಿಸಿಕೊಂಡ. “ಬಳೆ ಹಾಕೋನೇ ಊಟಕ್ಕೆ ಹೋದ್ರೆ ಏನಯ್ಯಾ ಮಾಡೋದು? ನಿನ್ನ ಮೂಗಿಗೆ ಬಳೆ ಹಾಕಿ, ಹಗ್ಗ ಕಟ್ಟಿ, ದಿಬ್ಬದಿಂದ ಕೆಳಕ್ಕೆ ಎಳ್ಕೊಂಡು ಹೋದ್ರಲ್ಲೋ. ಅದೂ ಒಂದು ಮಾತಿಗೆ.” ‘ಯಜಮಾನ್ರೇ’ ಅನ್ನದೆ, ‘ಹಂದಿ’ ಅಂತಲೂ ಅನ್ನದೆ ಅವನು ಕುಂಟುತ್ತ ಹೋದ.

ಥ್ಯಾಂಕ್‌ಫುಲ್ ಗಂಡನ ಕುತ್ತಿಗೆಯಿಂದ ಸಾಸಿವೆ ಕಲೆಯ ವಸ್ತ್ರವನ್ನು ಎಳೆದು ತೆಗೆದಳು. ಇನ್ನೂ ಅದು ಅಲ್ಲೇ ಇತ್ತು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, “ನಾರು ಒಳ್ಳೇದಿದೆ. ಊರನ್ನ ಮಾರಿದ್ದಕ್ಕೆ ಇದೊಂದಾದ್ರೂ ಬಂತಲ್ಲ,” ಎಂದಳು.

ಮರುವರ್ಷ ಮಾರ್ಚ್‌ನಲ್ಲಿ ಹೊಸ ಸರ್ಕಾರ ಶುರುವಾಯಿತೆಂದು ಸುದ್ದಿ ಬಂತು. ಅದೇ ತಿಂಗಳು ನಮ್ಮ ಊರ ಸಭೆಯೂ ಸೇರಿತು. ದೊಡ್ಡ ಹುದ್ದೆಗಳು ಮುಗಿದವು. ಚಳಿಗಾಲದಲ್ಲಿ ಮದುವೆಯಾಗಿದ್ದ ಇಬ್ಬರು, ಈ ಸಲ ತಮ್ಮ ಸರದಿಯೆಂದು, ತಲೆ ತಗ್ಗಿಸಿ ಕುಳಿತಿದ್ದರು. ಆದರೆ ಹಿಂದಿನ ಬೆಂಚು ಕೂಗಿದ ಹೆಸರು ಅವರದಾಗಿರಲಿಲ್ಲ.

“ಹಂದಿಗಾವಲಿಗೆ ಎಲಿಫಲೆಟ್ ಸ್ಟಿಕ್ನಿ!”

“ಒಪ್ಪಿದವರು?” ಎಂದು ಡೀಕನ್ ಹೇಲ್ ಕೇಳಿದ. ತೊಲೆಗಳು ನಡುಗುವಂತೆ ‘ಹೌದು’ ಎದ್ದಿತು.

“ಒಪ್ಪದವರು?”

ಅದು ಕೇಳುವುದಕ್ಕಷ್ಟೇ ಕೇಳುವ ಮಾತು. ಹಂದಿಗಾವಲಿನ ಆಯ್ಕೆಗೆ ಯಾರೂ ಉತ್ತರ ಕೊಟ್ಟವರಿಲ್ಲ. ಅಂದು ನಡುವಿನ ಬೆಂಚಿನಲ್ಲಿ ಎಲಿಫಲೆಟ್ ಎದ್ದು ನಿಂತ. ಟೋಪಿ ತೆಗೆದ. ಕ್ಯಾಪ್ಟನ್ ತಲೆ ಎತ್ತಿದ.

“ಬೇಡ.”

ದನಿ ಸ್ಪಷ್ಟವಾಗಿತ್ತು. ಸಭೆಯೂ ಇತ್ತು, ಬಾಗಿಲೂ ತೆರೆದಿತ್ತು. ಒಂದು ಗಳಿಗೆ ಯಾರೂ ನಗಲಿಲ್ಲ.

ಡೀಕನ್ ಲೆಕ್ಕ ಹೇಳಿದ. “ಬೇಡ ಅಂದೋರು ಒಬ್ಬರು. ಹೌದು ಅಂದೋರು ಉಳಿದವರೆಲ್ಲ. ಸ್ಟಿಕ್ನಿ ಆಯ್ಕೆಯಾಗಿದ್ದಾರೆ. ಬಾರಯ್ಯ ಎಲಿ, ಪ್ರಮಾಣ ಮಾಡು.”

ಅವನು ಹೋಗಿ ಪ್ರಮಾಣ ಮಾಡಿದ. ಬಹುಮತ ಎಂದ ಮೇಲೆ ಬಹುಮತ. ಅಷ್ಟನ್ನು ಅವನು ಕಾಂಕರ್ಡ್‌ನಲ್ಲಿ ಕಲಿತು ಬಂದಿದ್ದ. ಸಭೆಯಿಂದ ಇಳಿದು ಬರುವಾಗ ಪಾದ್ರಿಯ ಹಂದಿ ಬಳೆಯಿಲ್ಲದೆ ಸಮಾಧಿಗಳ ನಡುವೆ ಅಗೆಯುತ್ತಿತ್ತು. ಅವನು ಕೋಲು ತರಲು ಮನೆಗೆ ಓಡಿದ.