ನಾಗರ ಬಚ್ಚಲಲ್ಲಿ, ಡೇಟಾಬೇಸ್ ಕ್ಲಸ್ಟರಿನಲ್ಲಿ

‘ಹಾವು ಎಲ್ಲೂ ಹೋಗ್ಲಿಲ್ಲ ಮೇಡಂ, ಇಲ್ಲೇ ಇದೆ. ನಿಮ್ ಜನ ಎಲ್ಲಿ?’

ಕಳೆದ ಭಾನುವಾರ ಬೆಳಿಗ್ಗೆ ಬೇಗಾರಿನಿಂದ ತಿಮ್ಮಪ್ಪಣ್ಣ ಎಂಬವರು ಫೋನಿನಲ್ಲಿ ಕೇಳಿದ ಪ್ರಶ್ನೆ ಇದು. ಅವರ ಬಚ್ಚಲುಮನೆಯ ಸೌದೆ ರಾಶಿಯೊಳಗೆ ನಾಗರಹಾವು ಸೇರಿಕೊಂಡಿತ್ತು. ಬಚ್ಚಲು ದಾಟಿದರೆ ಅಡುಗೆಮನೆ. ಅಲ್ಲಿ ಅಂಬೆಗಾಲಿಡುವ ಮೊಮ್ಮಗ. ಮತ್ತೆ ನಾನು? ಕೊಪ್ಪದ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು ‘ಕನೆಕ್ಷನ್ ರೆಫ್ಯೂಸ್ಡ್’ ಎಂಬ ಎರಡು ಪದಗಳನ್ನು ಎಂಟನೆಯ ಸಲ ಓದುತ್ತಿದ್ದೆ.

ಸ್ವಲ್ಪ ಹಿನ್ನೆಲೆ ಹೇಳಬೇಕು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರೂ ತಾಲೂಕಿಗೆ ಸೇರಿ ನಾವು ಕೆಲವರು ಒಂದು ಹಾವಿನ ಸಹಾಯವಾಣಿ ನಡೆಸುತ್ತೇವೆ. ಮನೆಗೆ ಹಾವು ಬಂತು ಅಂತ ಯಾರಾದರೂ ಫೋನ್ ಮಾಡಿದರೆ ಹತ್ತಿರದ ಹಾವು ಹಿಡಿಯುವವರ ನಂಬರು ಹುಡುಕಿ ಅವರನ್ನು ಕಳಿಸುವುದು, ಅಷ್ಟೇ ಕೆಲಸ. ಭಾನುವಾರದ ಪಾಳಿ ನನ್ನದು. (ಹಾವು ಕಂಡರೆ ಮೊದಲು ಓಡುವವಳೂ ನಾನೇ, ಆ ಮಾತು ಬೇರೆ.)

ಹೆಸರು, ನಂಬರುಗಳ ಡೇಟಾಬೇಸ್, ಅದನ್ನು ತೆರೆದು ತೋರಿಸುವ ಆಪ್ ಎರಡೂ ಮೊದಲು ಒಂದು ಹಳೇ ಕಂಪ್ಯೂಟರಿನಲ್ಲಿದ್ದವು. ಬಾಳೆಹೊನ್ನೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ರಘುವಿಗೆ ಅದು ಅವಮಾನ ಅನ್ನಿಸಿತು. ಶನಿವಾರ ಎಲ್ಲವನ್ನೂ ಎತ್ತಿ, ಹಲವು ಕಂಪ್ಯೂಟರುಗಳು ಒಟ್ಟಾಗಿ ದುಡಿಯುವ ‘ಕಂಟೇನರ್ ಕ್ಲಸ್ಟರ್’ ಎಂಬಲ್ಲಿಗೆ ಸಾಗಿಸಿದ. ‘ಇಡೀ ಮಲೆನಾಡಿನ ಹಾವು ಒಂದೇ ದಿನ ಹೊರಗೆ ಬಂದ್ರೂ ತಡ್ಕೊಳತ್ತೆ ಅಕ್ಕ’ ಅಂದ. ಇರುವುದು ಇಪ್ಪತ್ತು ಚಿಲ್ಲರೆ ಜನರ ಹೆಸರು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಅಂದರೆ ಇದೇ ತಾನೆ? ಆದರೂ ತಲೆ ಆಡಿಸಿದೆ. ಅರ್ಥವಾಗದ್ದಕ್ಕೆಲ್ಲ ತಲೆ ಆಡಿಸುವುದು ನನ್ನ ಹಳೆಯ ಚಾಳಿ.

ಭಾನುವಾರ ಒಂದೇ ಒಂದು ಹಾವು ಹೊರಗೆ ಬಂತು. ಕ್ಲಸ್ಟರ್ ಮಲಗಿತು.

ನನ್ನ ನೆನಪಿನಲ್ಲಿದ್ದದ್ದು ಇಬ್ಬರ ನಂಬರು. ಶೃಂಗೇರಿಯವರು ಅದಾಗಲೇ ನರಸಿಂಹರಾಜಪುರದಲ್ಲಿ ಇನ್ನೊಂದು ಹಾವಿನ ಹಿಂದೆ ಇದ್ದರು. ಕೊಪ್ಪದವರಿಗೆ ಜ್ವರ. ಬೇಗಾರಿನ ಕಡೆಯವರು ಯಾರೋ ಹೋದ ತಿಂಗಳು ಹೊಸದಾಗಿ ಸೇರಿದ ನೆನಪು. ಹೆಸರು ಏನು? ಅದು ಡೇಟಾಬೇಸಿಗೇ ಗೊತ್ತು.

‘ತಿಮ್ಮಪ್ಪಣ್ಣ, ಲೈನ್ ಕಟ್ ಮಾಡ್ಬೇಡಿ. ಹುಡುಕ್ತಾ ಇದೀನಿ’ ಎಂದು ಸಹಾಯವಾಣಿಯ ಫೋನನ್ನು ಒಂದು ಕಿವಿಗಿಟ್ಟುಕೊಂಡು, ನನ್ನ ಫೋನಿನಲ್ಲಿ ರಘುವನ್ನು ಹಿಡಿದೆ. ಅವನ ಅಂಗಡಿಯಲ್ಲಿ ಕರೆಂಟಿಲ್ಲ. ಅವನು ಹೇಳಿದ್ದನ್ನು ಒಂದೊಂದೇ ಅಕ್ಷರವಾಗಿ ನಾನು ಟೈಪ್ ಮಾಡಬೇಕು.

‘ಡೇಟಾಬೇಸ್ ಎದುರಿಗೆ ಏನು ತೋರಿಸ್ತಿದೆ ಅಕ್ಕ?’

‘ರನ್ನಿಂಗ್ ಅಂತಿದೆ.’

‘ಆಪ್?’

‘ಅದೂ ರನ್ನಿಂಗ್.’

‘ಹಂಗಾದ್ರೆ ಎಲ್ಲ ಸರಿ ಇದೆಯಲ್ಲ!’

ಎಲ್ಲ ಸರಿ ಇದ್ದರೆ ನನಗೆ ನಂಬರು ಯಾಕೆ ಸಿಗುತ್ತಿಲ್ಲ? ಡೇಟಾಬೇಸ್ ಬದುಕಿದೆ, ಆಪ್ ಬದುಕಿದೆ, ಇಬ್ಬರಿಗೂ ಮಾತಿಲ್ಲ. ಬೇಲಿ ಜಗಳವಾದ ಅಕ್ಕಪಕ್ಕದ ಮನೆಯವರ ಥರ. ಇವರಲ್ಲಿ ಮುನಿಸಿಕೊಂಡವರು ಯಾರು ಅಂತ ಯಾರನ್ನು ಕೇಳುವುದು?

‘ಪಾಡ್ ಡಿಲೀಟ್ ಮಾಡಿ’ ಅಂದ ರಘು. ಪಾಡ್ ಅಂದರೆ ಆಪ್ ವಾಸವಿರುವ ಗೂಡಂತೆ. ‘ಅಳಿಸಿದ್ರೆ ಆಪೇ ಹೋಗತ್ತಲ್ಲ?’ ಅಂದೆ. ‘ಹೆದರ್ಬೇಡಿ, ಅದೇ ಮತ್ತೆ ಹುಟ್ಕೊಳತ್ತೆ’ ಅಂದ. ಮಾಡಿದೆ. ಹುಟ್ಟಿಕೊಂಡಿತು. ಮತ್ತೆ ಕೊಂದೆ, ಮತ್ತೆ ಹುಟ್ಟಿತು. ರಕ್ತಬೀಜಾಸುರನ ಕಥೆ ಕೇಳಿದ್ದೆ, ಅವನನ್ನು ಬೆರಳ ತುದಿಯಲ್ಲಿ ಕಂಡದ್ದು ಅವತ್ತೇ. ಹುಟ್ಟಿದವನೆಲ್ಲ ಹೇಳಿದ್ದು ಒಂದೇ ಮಾತು. ಕನೆಕ್ಷನ್ ರೆಫ್ಯೂಸ್ಡ್.

ಈ ಕಡೆ ಕಿವಿಯಲ್ಲಿ ತಿಮ್ಮಪ್ಪಣ್ಣ. ‘ಎಂತ ಮಾರಾಯ್ರೆ, ಸಿಕ್ರಾ? ಪಕ್ಕದ್ಮನೆಯೋರು ಹೊಗೆ ಹಾಕಿ ಅಂತಿದಾರೆ. ಹಾಕೂದಾ?’

‘ಅಯ್ಯಯ್ಯೋ, ಬೇಡ! ಹೊಗೆ ಹಾಕಿದ್ರೆ ಅದು ಸೀದಾ ಅಡುಗೆಮನೆಗೆ ನುಗ್ಗತ್ತೆ. ಮಗೂನ ಹೊರಗೆ ಕಳ್ಸಿ. ಲೈನಲ್ಲೇ ಇರಿ.’

ಅರ್ಧ ಗಂಟೆ ಕಳೆಯಿತು. ನನಗೆ ಅಳು ಬರುವುದೊಂದು ಬಾಕಿ. ಹಾವು ಆ ಮಗುವಿಗೆ ಏನಾದರೂ ಮಾಡಿದ್ದರೆ, ‘ಕ್ಲಸ್ಟರ್ ಕೈಕೊಟ್ಟಿತು’ ಅಂತ ಯಾವ ಮುಖದಲ್ಲಿ ಹೇಳುತ್ತಿದ್ದೆ?

ಕೊನೆಗೆ ರಘು ಕೇಳಿದ: ‘ಸೆಟ್ಟಿಂಗ್ಸ್ ಫೈಲಲ್ಲಿ ಹೋಸ್ಟ್ ಅಂತ ಇರೋ ಕಡೆ ಏನಿದೆ, ಓದಿ.’

‘ಲೋಕಲ್‌ಹೋಸ್ಟ್.’

‘ಥೋ! ತಪ್ಪು ನಂದೇ ಅಕ್ಕ.’

ನನಗೆ ಅರ್ಥವಾದಷ್ಟು ಹೇಳುತ್ತೇನೆ. ಲೋಕಲ್‌ಹೋಸ್ಟ್ ಅಂದರೆ ‘ನಾನಿರುವ ಜಾಗ’ ಅಂತ. ಹಳೇ ಕಂಪ್ಯೂಟರಿನಲ್ಲಿ ಆಪ್, ಡೇಟಾಬೇಸ್ ಎರಡೂ ಒಟ್ಟಿಗೆ ಸಂಸಾರ ಮಾಡಿಕೊಂಡಿದ್ದವು. ಕ್ಲಸ್ಟರಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬೇರೆ ಮನೆ. ಆಪಿನಲ್ಲಿ ಡೇಟಾಬೇಸಿನ ವಿಳಾಸ ಬದಲಿಸುವುದನ್ನು ರಘು ಮರೆತಿದ್ದ. ಪಾಪ, ಆಪ್ ತನ್ನ ಮನೆಯ ಬಾಗಿಲನ್ನೇ ತಟ್ಟಿಕೊಂಡು ‘ಯಾರೂ ತೆಗೀತಿಲ್ಲ’ ಅಂತ ದೂರುತ್ತಿತ್ತು. ಇಷ್ಟನ್ನು ಹೇಳುವುದಕ್ಕೆ ಒಂದು ಸರಿಯಾದ ಎರರ್ ಮೆಸೇಜ್ ಬರೆದಿಡಲು ಇವರಿಗೇನು ಕಷ್ಟ?

ಒಂದು ಪದ ಬದಲಿಸಿದೆ. ಮತ್ತೊಮ್ಮೆ ರಕ್ತಬೀಜ ಸತ್ತು ಹುಟ್ಟಿದ. ಪಟ್ಟಿ ತೆರೆಯಿತು. ‘ವಿನುತಾ, ಬೇಗಾರ್.’ ಕೆಳಗೆ ನಂಬರು.

ರಘುವನ್ನು ಬಿಟ್ಟು ಆ ನಂಬರು ಒತ್ತಿದೆ. ಬಲಗಿವಿಯಲ್ಲಿ ರಿಂಗಾಯಿತು. ಅದೇ ಹೊತ್ತಿಗೆ ಎಡಗಿವಿಯಲ್ಲಿ, ತಿಮ್ಮಪ್ಪಣ್ಣನವರ ಲೈನಿನ ಹಿಂದೆ, ಯಾವುದೋ ಫೋನು ಹಾಡತೊಡಗಿತು.

‘ತಡೀರಿ ಮೇಡಂ’ ಅಂದರು ತಿಮ್ಮಪ್ಪಣ್ಣ, ‘ನಮ್ ಸೊಸೆ ಫೋನ್ ಹೊಡ್ಕೊಳ್ತಿದೆ.’

ನಾನು ಎರಡೂ ಫೋನುಗಳನ್ನು ಮಿಕಿಮಿಕಿ ನೋಡಿದೆ.

ವಿನುತಾಳ ತವರು ನರಸಿಂಹರಾಜಪುರ. ಮದುವೆಗೆ ಮುಂಚೆ ಅಲ್ಲಿ ಹಾವು ಹಿಡಿಯುವ ತರಬೇತಿ ಪಡೆದು, ಹತ್ತಾರು ನಾಗರಗಳನ್ನು ಚೀಲಕ್ಕೆ ತುಂಬಿ ಕಾಡಿಗೆ ಬಿಟ್ಟವಳು. ಅವಳ ಕೊಕ್ಕೆ, ಚೀಲ ಎರಡೂ ಅತ್ತೆಮನೆಯ ಅಟ್ಟದ ಮೇಲೇ ಇದ್ದವು. ಇಳಿಸಿಕೊಂಡಳು. ಕಾಲು ಗಂಟೆಯಲ್ಲಿ ಹಾವು ಚೀಲದೊಳಗಿತ್ತು. ತಿಮ್ಮಪ್ಪಣ್ಣ ಬಾಯಿ ತೆರೆದುಕೊಂಡು ನಿಂತಿದ್ದರಂತೆ.

ಮಧ್ಯಾಹ್ನ ಅವಳೇ ಫೋನ್ ಮಾಡಿದಳು, ಹಾವನ್ನು ಅರಣ್ಯ ಇಲಾಖೆಯವರ ಎದುರೇ ಬಿಟ್ಟುಬಂದೆ ಅಂತ ತಿಳಿಸಲು. ನನಗೆ ತಡೆಯಲಾಗಲಿಲ್ಲ. ಸೊಸೆಯಂದಿರ ಮಾತನ್ನು ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಅಂತ ಇದೇ ಅಂಕಣದಲ್ಲಿ ಎಷ್ಟು ಸಲ ಗುಡುಗಿದ್ದೇನೆ, ನಿಮಗೇ ಗೊತ್ತು.

‘ಅಲ್ಲ ಮಾರಾಯ್ತಿ, ನಂಗೆ ಬರತ್ತೆ ಅಂತ ಮಾವನ ಹತ್ರ ಒಂದು ಮಾತು ಹೇಳೋದಲ್ವಾ?’

‘ಹೇಳ್ದೆ ಅಕ್ಕ, ಮೂರು ಸಲ’ ಅಂದಳು ವಿನುತಾ. ‘ಮಾವ ಕೈ ಅಡ್ಡ ಮಾಡಿ, ಸುಮ್ನಿರು, ಮೇಡಂ ಲೈನಲ್ಲಿದಾರೆ ಅಂದ್ರು.’

ಅವರನ್ನು ಅರ್ಧ ಗಂಟೆ ಆ ಲೈನಿಗೆ ಕಟ್ಟಿಹಾಕಿದವಳು ನಾನೇ ಅಲ್ಲವೆ?