ಟಿವಿ ತುಂಬಿದ ಮದುವೆ

ಶಿರಸಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರರು ಊರವರ ಹಳೆಯ ವಿಡಿಯೊ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುತ್ತಿದ್ದರು. ಧೂಳು ಏಳುತ್ತದೆಂದು ಫ್ಯಾನ್ ಬಂದ್ ಮಾಡಿ, ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಪ್ಲೇಯರಿನ ಹೆಡ್ ಒರೆಸುತ್ತ, ಬೆವರುತ್ತ ಕೂತವರನ್ನು "ಕ್ವಾಲಿಟಿ ಬೇಕೋ, ಬೇಡವೋ?" ಎಂದು ಗದರುವರು. ಬೇಡ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಒಮ್ಮೆ ಹಿಂದಿನ ಬೀದಿಯ ಲಾರಿ ಮಾಲೀಕರ ಹೆಂಡತಿ ತಮ್ಮ ಮದುವೆಯ ಕ್ಯಾಸೆಟ್ ಕೊಟ್ಟಿದ್ದರು. ತೀರಿಕೊಂಡ ತಂದೆ ಓಡಾಡುವುದನ್ನು ನೋಡಲು ಅವರಿಗೆ ಉಳಿದದ್ದು ಅದೊಂದೇ. ನಮ್ಮ ಮಹಾಶಯರು ಆ ಚೌಕ ಚಿತ್ರ ಈಗಿನ ಅಗಲ ಟಿವಿಯನ್ನು ತುಂಬಲೆಂದು ಮೇಲೂ ಕೆಳಗೂ ಕತ್ತರಿಸಿದ್ದರು. ಎತ್ತರದ ಆ ತಂದೆ ಕುತ್ತಿಗೆಯವರೆಗೆ ಮಾತ್ರ ಕಂಡರು.

"ನೋಡು ತಂಗೀ, ಅಂಗಿ ಗುಂಡಿ ಸಹ ಎಷ್ಟು ಕ್ಲಿಯರ್!"

"ಗುಂಡಿ ಯಾಕೆ ಸರ್ ನಂಗೆ? ಅಬ್ಬಾನ ಮುಖ ಎಲ್ಲಿ?"

"ಮುಖ ಬೇಕಂದ್ರೆ ಎರಡೂ ಬದಿ ಕಪ್ಪು ಪಟ್ಟಿ ಬರ್ತದೆ. ಚಂದ ಕಾಣೂದಿಲ್ಲ."

"ಬರ್ಲಿ. ನಾ ಇಲ್ಲೇ ಕೂತಿರ್ತೇನೆ."

ಗೊಣಗುತ್ತಲೇ ಮತ್ತೆ ಇಳಿಸಿದರು. ಈ ಸಲ ತಂದೆಯ ಮುಖ ಬಂತು. ಅವರು ಮಗಳತ್ತ ಬಾಗಿ, ಏನೋ ಹೇಳಿ ನಕ್ಕರು. ಆಕೆ ಬಾಯಿಗೆ ಸೆರಗು ಒತ್ತಿಕೊಂಡು ಅಳತೊಡಗಿದರು.

ಮ್ಯಾನೇಜರರಿಗೆ ಗೆದ್ದಷ್ಟು ಖುಷಿಯಾಯಿತು. "ನಾ ಹೇಳಿದ್ನಲ್ಲ," ಎಂದರು, "ಪಟ್ಟಿ ಬಂದ್ರೆ ಅಸಹ್ಯ ಕಾಣ್ತದೆ ಅಂತ!"