ತಾತ ಲ್ಯಾಪ್‌ಟಾಪಿನಲ್ಲಿ ಲಾರಿ ಓಡಿಸಿದ ಬೇಸಿಗೆ

ಅರಿಸಿನ ಬೇಯಿಸಿ, ಒಣಗಿಸಿ, ಪಾಲಿಶ್‌ಗೆ ಹಾಕುವ ಹೊತ್ತಿಗೆ ಗುಂಡ್ಲುಪೇಟೆಯ ನಮ್ಮ ಬೀದಿಯಲ್ಲಿ ಒಗೆದು ಹರವಿದ ಬಟ್ಟೆಯೂ ಹಳದಿಯಾಗುತ್ತಿದ್ದ ಕಾಲ ಅದು. ಪಾಲಿಶ್ ಮಾಡುವ ಕಣ ನಮ್ಮ ಮನೆಯ ಹಿಂದೆಯೇ ಇತ್ತು. ದಿನವಿಡೀ ಡ್ರಮ್ಮು ತಿರುಗುವ ಗಡಗಡ ಸದ್ದು, ಕಿಟಕಿ ಮುಚ್ಚಿದರೂ ಒಳಗೆ ನುಗ್ಗುವ ಘಾಟು. ಏಳನೇ ತರಗತಿಯ ಪರೀಕ್ಷೆ ಮುಗಿದು ರಜೆ ಬಂದಿತ್ತು. ಬೇರೆ ವರ್ಷವಾಗಿದ್ದರೆ ಮಾವಿನಕಾಯಿಗೆ ಉಪ್ಪು ಕಾರ ಸವರಿಕೊಂಡು, ಕುಂಟೆಬಿಲ್ಲೆ ಆಡುತ್ತ ನಾನು ಬೀದಿಯಲ್ಲೇ ಇರುತ್ತಿದ್ದೆ. ಆ ವರ್ಷ ನಡುಮನೆ ಬಿಟ್ಟು ಕದಲಲಿಲ್ಲ. ಅಲ್ಲಿ ತಾತ ಮಲಗಿದ್ದರು.

ತಾತ, ಅಂದರೆ ಅಪ್ಪನ ಅಪ್ಪ, ಜೀವಮಾನವೆಲ್ಲ ಲಾರಿ ಓಡಿಸಿದವರು. ಇಲ್ಲಿಯ ತರಕಾರಿ ತುಂಬಿಕೊಂಡು ಬಂಡೀಪುರದ ಕಾಡು ದಾಟಿ ಗೂಡಲೂರಿಗೆ, ಇಲ್ಲವೇ ಕೇರಳದ ಕಡೆಯ ದಾರಿಯಲ್ಲಿ ಸುಲ್ತಾನ್ ಬತ್ತೇರಿಗೆ. ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳಲು ಎತ್ತಿದ ಅವರ ಬಲಗೈ ಹಣೆ ಮುಟ್ಟದೆ ಜಾರಿ ಬಿತ್ತು. ಪಾರ್ಶ್ವವಾಯು. ಆಸ್ಪತ್ರೆಯಿಂದ ಮನೆಗೆ ಬಂದಾಗ ಕಾಲೆಳೆದುಕೊಂಡು ನಡೆಯುತ್ತಿದ್ದರು, ತೊದಲುತ್ತ ಮಾತಾಡುತ್ತಿದ್ದರು. ಬಲಗೈ ಮಾತ್ರ ಯಾರದೋ ಕೈಯನ್ನು ತಂದು ಪಕ್ಕದಲ್ಲಿಟ್ಟ ಹಾಗಿತ್ತು. ಬೆರಳು ಮಡಿಸಿ ಬಿಡಿಸಬೇಕು, ದಿನವೂ ಮಾಡಿಸಬೇಕು ಅಂತ ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಅಮ್ಮ ರಬ್ಬರ್ ಚೆಂಡು ಕೊಟ್ಟರೆ ತಾತ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಅಮ್ಮನೇ ಮುದ್ದೆ ಮುರಿದು ಬಸ್ಸಾರಿನಲ್ಲಿ ಅದ್ದಿ ಬಾಯಿಗಿಡಬೇಕಿತ್ತು. ಸೊಸೆಯ ಕೈಯಲ್ಲಿ ಉಣ್ಣುವಾಗ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಆ ರಜೆಗೆ ಚಾಮರಾಜನಗರದಿಂದ ದೊಡ್ಡಪ್ಪನ ಮಗ ಶಿವಣ್ಣ ಬಂದ. ಡಿಪ್ಲೊಮಾ ಓದುತ್ತಿದ್ದ. ಓದಿಗೆ ಬೇಕಾದ ಡ್ರಾಯಿಂಗ್ ಮಾಡಲೆಂದು ಕೊಂಡ ದಪ್ಪನೆಯ ಗೇಮಿಂಗ್ ಲ್ಯಾಪ್‌ಟಾಪ್ ಅವನ ಬಳಿ ಇತ್ತು. ಅದರಲ್ಲಿ ಲಾರಿ ಓಡಿಸುವ ಆಟವೊಂದಿತ್ತು. ಒಂದು ಮಧ್ಯಾಹ್ನ ಅವನು ಲಾರಿಯನ್ನು ಘಟ್ಟದಿಂದ ಇಳಿಸುತ್ತಿದ್ದಾಗ ಮಂಚದ ಕಡೆಯಿಂದ ದನಿ ಬಂತು. “ಗೇರ್ ಇಳ್ಸ್‌ಲಾ. ಇಳಿಜಾರಲ್ಲಿ ಇಂಗಾ ಬುಡದು?”

ನಾವಿಬ್ಬರೂ ತಿರುಗಿ ನೋಡಿದೆವು. ಎಷ್ಟೋ ವಾರಗಳ ಮೇಲೆ ತಾತ ತಾವಾಗಿಯೇ ಆಡಿದ ಮಾತು ಅದು.

ಶಿವಣ್ಣ ಸ್ಟೂಲು ಎಳೆದು ಲ್ಯಾಪ್‌ಟಾಪನ್ನು ಅವರ ಮುಂದಿಟ್ಟ. ಲಾರಿ ಓಡಿಸುವ ಬಾಣದ ಗುರುತಿನ ಕೀಗಳು ಬಲಗಡೆ ಇದ್ದವು. ಎಡಗೈಯಲ್ಲೇ ಆಡುವ ಹಾಗೆ ಬದಲಾಯಿಸಿ ಕೊಡುತ್ತೇನೆಂದು ಅವನು ಹೇಳಿದ. ತಾತ ಒಪ್ಪಲಿಲ್ಲ. ಎಡಗೈಯಿಂದ ಬಲಗೈಯನ್ನು ಎತ್ತಿ ಕೀಗಳ ಮೇಲೆ ತಾವೇ ಇಟ್ಟುಕೊಂಡರು. “ಸ್ಟೇರಿಂಗ್ ಇಡ್ದಿದ್ದು ಈ ಕೈಯಲ್ಲಿ ಕಣ್ಲಾ” ಅಂದರು. ಮೊದಲ ದಿನ ಲಾರಿ ಹೊರಟಲ್ಲೇ ಬೇಲಿಗೆ ಗುದ್ದಿ ನಿಂತಿತು. ಮರುದಿನ ಬೆಳಿಗ್ಗೆ ಎದ್ದವರೇ ಲ್ಯಾಪ್‌ಟಾಪ್ ಎಲ್ಲಿ ಅಂತ ಕೇಳಿದರು.

ದಿನ ಕಳೆದ ಹಾಗೆ ತೋರುಬೆರಳು ಒಂದೊಂದಾಗಿ ಕೀ ಒತ್ತತೊಡಗಿತು. ಆಮೇಲೆ ಮಧ್ಯದ ಬೆರಳು. ಆಟದ ರಸ್ತೆ ಯಾವುದೋ ಹೊರದೇಶದ್ದು. ಆದರೂ ಅಲ್ಲಿ ಕತ್ತಲಾದರೆ ತಾತ ಲಾರಿಯನ್ನು ಪಕ್ಕಕ್ಕೆ ನಿಲ್ಲಿಸಿಬಿಡುತ್ತಿದ್ದರು. ರಾತ್ರಿ ಬಂಡೀಪುರದ ಕಾಡಿನ ಗೇಟು ಹಾಕಿದ ಮೇಲೆ ಬೆಳಗಾಗುವವರೆಗೆ ಕಾದು ಅವರಿಗೆ ಅಭ್ಯಾಸ. ಇಲ್ಲಿ ಗೇಟಿಲ್ಲ, ಹೋಗಬಹುದು ಅಂತ ಶಿವಣ್ಣ ಹೇಳಿದರೂ ಕೇಳುತ್ತಿರಲಿಲ್ಲ. “ಆನೆಗೋಳು ದಾಟ್ಕಳ್ಳಿ ಬುಡು” ಅನ್ನುತ್ತಿದ್ದರು.

ತೊಂದರೆ ಕೊಟ್ಟಿದ್ದು ಬಿಸಿ. ಮೊದಲೇ ಬೇಸಿಗೆ, ಮೇಲೆ ತಗಡಿನ ಸೂರು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಒಳಗಿನ ಫ್ಯಾನು ಕುಕ್ಕರ್ ಕೂಗುವ ಮುಂಚಿನ ಹಾಗೆ ಬುಸುಗುಡುತ್ತಿತ್ತು. ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಎಷ್ಟು ಕಾದಿದೆ ಅಂತ ಪರದೆಯ ಮೂಲೆಯಲ್ಲಿ ಅಂಕಿ ಕಾಣುವ ಹಾಗೆ ಶಿವಣ್ಣ ಮಾಡಿದ್ದ. ಅದನ್ನು ನೋಡಿ ಹೇಳುವುದು ನನ್ನ ಕೆಲಸ. ತೊಂಬತ್ತು ಡಿಗ್ರಿ ಮುಟ್ಟಿದರೆ ರಸ್ತೆ ತಡೆತಡೆದು ಓಡುತ್ತಿತ್ತು, ಆಮೇಲೆ ಪರದೆ ಕಪ್ಪಾಗಿ ಎಲ್ಲವೂ ಆರಿಹೋಗುತ್ತಿತ್ತು. ಕೆಳಗೆ ಗಾಳಿಯಾಡಲೆಂದು ನಾಲ್ಕು ಮೂಲೆಗೆ ಬಾಟಲಿ ಮುಚ್ಚಳ ಇಟ್ಟೆವು, ಟೇಬಲ್ ಫ್ಯಾನನ್ನು ಅದರ ಕಡೆಗೇ ತಿರುಗಿಸಿದೆವು. ಮಧ್ಯಾಹ್ನ ಕರೆಂಟು ಹೋದರೆ ಅದೂ ಇಲ್ಲ.

ಒಂದು ದಿನ ಅಮ್ಮ ತಾತನಿಗೆ ಮಜ್ಜಿಗೆ ಕೊಡಲು ಬಂದವರು ಲೋಟ ಕೆಳಗಿಟ್ಟು ಅವರ ಬಲಗೈ ಹಿಡಿದು ತಿರುಗಿಸಿ ನೋಡಿದರು. ಕಿರುಬೆರಳಿನಿಂದ ಮಣಿಕಟ್ಟಿನವರೆಗೆ ಅಂಗೈಯ ಅಂಚು ಕೆಂಪಾಗಿ, ಮೇಲೆ ನೀರುಗುಳ್ಳೆ ಎದ್ದಿತ್ತು. ಲ್ಯಾಪ್‌ಟಾಪಿನ ಬಲಪಕ್ಕದ ಸೀಳಿನಿಂದ ಬಿಸಿಗಾಳಿ ಬರುತ್ತಿತ್ತು. ತಾತನ ಕೈ ಅದರ ಮೇಲೇ ಒರಗಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ. ಆ ಕೈಯಲ್ಲಿ ಬಿಸಿ ತಣ್ಣಗೆ ತಿಳಿಯುವ ಶಕ್ತಿ ಹೋಗಿದೆ ಅನ್ನುವುದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಅಮ್ಮ ಬೈಯಲಿಲ್ಲ. ಮುಲಾಮು ಹಚ್ಚುತ್ತಲೇ ಶಿವಣ್ಣನಿಗೆ ಹೇಳಿದರು. “ಇದ ಎತ್ಕಂಡು ನಿಮ್ಮೂರ್ಗೆ ಓಗ್ಬುಡಪ್ಪ. ಸುಟ್ರೂ ಗೊತ್ತಾಗ್ದೆ ಇರ ಕೈ ಅದು.”

ತಾತ ಆ ಸಂಜೆ ಮತ್ತೆ ಗೋಡೆ ಕಡೆ ತಿರುಗಿ ಮಲಗಿದರು. ಊಟಕ್ಕೂ ಏಳಲಿಲ್ಲ. ಅಮ್ಮ ಪಕ್ಕದಲ್ಲಿ ಕೂತು ಕರೆದಾಗ ಗೋಡೆ ನೋಡುತ್ತಲೇ ಹೇಳಿದರು. “ಬಿಸಿ ಗೊತ್ತಾಗ್ನಿಲ್ಲ ಕಣವ್ವ. ಆದ್ರ ಬೆರ್ಳು ನಾ ಯೋಳ್ದಂಗೆ ಕೇಳ್ತಿದ್ದೊ.”

ಅಮ್ಮ ತಟ್ಟೆ ಎತ್ತಿಟ್ಟು ಬಂದು, ಅದು ಅಷ್ಟು ಬಿಸಿಯಾಗದ ಹಾಗೆ ರಿಪೇರಿ ಮಾಡಿಸಬಹುದಾ ಅಂತ ಶಿವಣ್ಣನನ್ನು ಕೇಳಿದರು.

ಮರುದಿನ ಬೆಳಗಿನ ಬಸ್ಸಿಗೆ ಶಿವಣ್ಣ ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಟ. ಜೊತೆಗೆ ನಾನೂ ಹೋಗಲು ಅಮ್ಮ ಬಿಟ್ಟರು. ಚಾಮರಾಜನಗರದ ಬಸ್‌ಸ್ಟ್ಯಾಂಡಿನ ಹತ್ತಿರ ಇಲಿಯಾಸ್ ಭಾಯಿ ಅನ್ನುವವರ ರಿಪೇರಿ ಅಂಗಡಿಯಿತ್ತು. ಅವರು ತಳದ ತಿರುಪುಗಳನ್ನು ಬಿಚ್ಚಿ ಮುಚ್ಚಳ ತೆಗೆದರು. ಒಳಗೆ ಫ್ಯಾನಿನ ರೆಕ್ಕೆಗಳ ಮೇಲೆ, ಗಾಳಿ ಹೊರಹೋಗುವ ಜಾಲರಿಯಲ್ಲಿ, ಹಳದಿ ಧೂಳು ಉಣ್ಣೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ನಮ್ಮ ಹಿತ್ತಲಿನ ಅರಿಸಿನ. ಅಂಗಡಿಯಲ್ಲೆಲ್ಲ ನಮ್ಮ ಮನೆಯ ವಾಸನೆ ಬಂತು.

“ಉಸ್ರಾಡಾಕೆ ಜಾಗ ಇಲ್ಲ ಮಗಾ ಇದ್ಕೆ” ಅಂದರು ಇಲಿಯಾಸ್ ಭಾಯಿ.

ಬ್ರಷ್ಷಿನಿಂದ, ಗಾಳಿಯ ಪಂಪಿನಿಂದ ಅದನ್ನೆಲ್ಲ ತೆಗೆದರು. ಗ್ರಾಫಿಕ್ಸ್ ಕಾರ್ಡಿನ ಬಿಸಿಯನ್ನು ತಾಮ್ರದ ಕೊಳವೆಗೆ ದಾಟಿಸುವ ಪೇಸ್ಟು ಒಣಗಿ ಪುಡಿಯಾಗಿತ್ತು. ಒರೆಸಿ ಹೊಸದು ಹಚ್ಚಿದರು. ಯಾರಿಗಾಗಿ ಇಷ್ಟು ಅವಸರ ಅಂತ ಕೇಳಿದಾಗ ಶಿವಣ್ಣ ತಾತನ ವಿಷಯ ಹೇಳಿದ. ಅವರು ಪೆಟ್ಟಿಗೆಯಲ್ಲಿ ಹುಡುಕಿ ಬೇರೆ ಕೀಬೋರ್ಡೊಂದನ್ನು ಕೊಟ್ಟು, ಕೈ ದೂರ ಇಟ್ಟುಕೊಂಡು ಆಡಲಿ, ಆಗದಿದ್ದರೆ ವಾಪಸು ತನ್ನಿ ಅಂದರು. ಆದರೆ ಮನೆಗೆ ತಂದು ನೋಡಿದರೆ, ಅದರ ಎತ್ತರದ ಕೀಗಳನ್ನು ಒತ್ತುವಷ್ಟು ಬಲ ತಾತನ ಬೆರಳಿಗಿರಲಿಲ್ಲ. ಲ್ಯಾಪ್‌ಟಾಪಿನ ಚಪ್ಪಟೆ ಕೀಗಳೇ ಆಗಬೇಕಿತ್ತು.

ಹಾಗಾಗಿ ಕಾರ್ಡು ಕಾಯದಿರಲೆಂದು ಶಿವಣ್ಣ ಆಟದ ಚಿತ್ರಗಳನ್ನೇ ಹಗುರ ಮಾಡಿದ. ಮೊದಲು ನೆರಳುಗಳು ಹೋದವು, ಆಮೇಲೆ ಮಳೆ, ಆಮೇಲೆ ದೂರದ ಮರಗಳು. ಚಿತ್ರಗಳು ಓಡುವ ವೇಗಕ್ಕೂ ಮಿತಿ ಹಾಕಿದ. ಮೂಲೆಯ ಅಂಕಿ ಎಪ್ಪತ್ತರ ಆಸುಪಾಸಿಗೆ ಬಂದು ನಿಂತಿತು. ಬಿಸಿಗಾಳಿಯ ಸೀಳಿನ ಹತ್ತಿರ ಕೈ ಜಾರದಂತೆ ಅಮ್ಮ ಹಳೆಯ ಸೀರೆಯನ್ನು ಸುತ್ತಿ ಸಿಂಬೆ ಮಾಡಿ, ಲ್ಯಾಪ್‌ಟಾಪಿನಿಂದ ಆಚೆ ಗಾಳಿಗೆ ಅಡ್ಡವಾಗದ ಹಾಗೆ ಇಟ್ಟು, ತಾತನ ಮಣಿಕಟ್ಟನ್ನು ಅದರ ಮೇಲೆ ಒರಗಿಸಿದರು. ಅಷ್ಟಕ್ಕೂ ಅವರಿಗೆ ಸಮಾಧಾನವಿಲ್ಲ. ಆಟದ ನಡುವೆ ಆಗಾಗ ಬಂದು ತಮ್ಮ ಅಂಗೈಯನ್ನು ಕೀಗಳ ಮೇಲಿಟ್ಟು ಸುಮ್ಮನೆ ನಿಲ್ಲುತ್ತಿದ್ದರು. ಬಿಸಿ ತಾಳುವಷ್ಟಿದೆ ಅನಿಸಿದರೆ “ಊಂ, ಓಡ್ಸಿ ಮಾವ” ಅನ್ನುತ್ತಿದ್ದರು. ಆ ಅಪ್ಪಣೆಗೆ ತಾತ ಕಾಯುತ್ತಿದ್ದರು.

ಮರ ಇಲ್ಲದ ರಸ್ತೆಯನ್ನು ನೋಡಿ ಮೊದಲ ದಿನ ತಾತ, ಕಾಡು ಎಲ್ಲಿಗೆ ಹೋಯಿತು ಅಂತ ಕೇಳಿದ್ದರು. ಮೆಷೀನಿಗೆ ಭಾರವಾಗುತ್ತೆ, ತೆಗೆದಿದ್ದೀನಿ ಅಂತ ಶಿವಣ್ಣ ಹೇಳಿದ. ತಾತ ಬೋಳು ಗುಡ್ಡ ನೋಡಿ ಬೆರಳು ಒತ್ತಿದರು. ಮತ್ತೆಂದೂ ಕೇಳಲಿಲ್ಲ.

ಮೊದಲ ಮಳೆ ಬಿದ್ದ ವಾರ ಒಂದು ಮಧ್ಯಾಹ್ನ ಅಮ್ಮ ಮುದ್ದೆ ಮುರಿಯಲು ಕೈ ಚಾಚಿದಾಗ ತಾತ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. ಬಲಗೈಯಿಂದ ಮುದ್ದೆಯ ಚೂರು ಮುರಿದರು. ಅದು ಜಾರಿ ಸಾರಿಗೆ ಬಿತ್ತು. ಮತ್ತೆ ಹಿಡಿದು ಬಾಯಿಗಿಟ್ಟುಕೊಂಡರು. ಅಮ್ಮ ನೀರು ತರುವ ನೆಪದಲ್ಲಿ ಒಳಗೆ ಹೋದವರು ತುಂಬಾ ಹೊತ್ತು ಬರಲಿಲ್ಲ.

ಶಿವಣ್ಣನಿಗೆ ಕಾಲೇಜು ಶುರುವಾಗಿ ಅವನೂ ಲ್ಯಾಪ್‌ಟಾಪೂ ಹೋದರು. ತಾತ ಬೀದಿಯ ತುದಿಯವರೆಗೆ ಹೋಗಿ ಕಳಿಸಿ ಬಂದರು. ಮಾಗಿಯ ಚಳಿಯಲ್ಲಿ ಅವರಿಗೆ ಎರಡನೇ ಸಲ ಪಾರ್ಶ್ವವಾಯು ಹೊಡೆಯಿತು. ಆ ಸಲ ಅವರು ಮಾತಾಡಲೂ ಇಲ್ಲ, ಉಳಿಯಲೂ ಇಲ್ಲ.

ಈಗ ಶಿವಣ್ಣನ ಹತ್ತಿರ ಹೊಸ ಲ್ಯಾಪ್‌ಟಾಪಿದೆ. ಎಷ್ಟು ಹೊತ್ತು ಆಡಿದರೂ ಅದು ಅಷ್ಟೊಂದು ಕಾಯುವುದಿಲ್ಲವಂತೆ, ನೆರಳು, ಮಳೆ, ಕಾಡು ಎಲ್ಲವೂ ಕಾಣುತ್ತವಂತೆ. ಲಾರಿಯ ಆಟವನ್ನು ಮಾತ್ರ ಅವನು ಹಾಕಿಕೊಂಡಿಲ್ಲ.

ಆ ವರ್ಷ ಶಾಲೆ ತೆರೆದ ದಿನ ನಾನು ಕಾಲಿಗೆ ಬಿದ್ದಾಗ ತಾತ ಬಲಗೈ ಎತ್ತಿ ನನ್ನ ತಲೆಯ ಮೇಲಿಟ್ಟು, “ಚೆನ್ನಾಗಿ ಓದ್ಕ ಕಣಮ್ಮಿ” ಅಂದಿದ್ದರು. ಕೈ ನಡುಗುತ್ತಿತ್ತು, ಆದರೆ ಜಾರಲಿಲ್ಲ. ಆ ಭಾರ ನನಗೆ ಇವತ್ತಿಗೂ ನೆನಪಿದೆ. ಕೈ ಬೆಚ್ಚಗಿತ್ತೋ ತಣ್ಣಗಿತ್ತೋ, ಅದೊಂದು ಎಷ್ಟು ನೆನೆಸಿಕೊಂಡರೂ ಬರುವುದಿಲ್ಲ.